ಪಾರ್ಕಿಂಗ್ ನೋಟೀಸಿಗೆ ಆರು ಪುಟದ ಉತ್ತರ

ಎಚ್ಚರವಾಗಿರುವವರಿಗೆ ತೊಂದರೆ ಬರುವುದಿಲ್ಲವೆಂದು ನನಗೆ ಕಲಿಸಿದ್ದರು. ನೈರೋಬಿಯಲ್ಲಿ ನಾನು ಎಚ್ಚರಿಕೆ ಮರೆತ ದಿನಗಳೆಲ್ಲ ಸುಖವಾಗಿಯೇ ಕಳೆದಿವೆ.

ಪತ್ರ

ಆಗ ನಾನು ಇಂಡಸ್ಟ್ರಿಯಲ್ ಏರಿಯಾದ ಬಣ್ಣದ ಕಾರ್ಖಾನೆಯಲ್ಲಿ ಕೆಮಿಸ್ಟ್. ಒಂದು ಬೆಳಿಗ್ಗೆ ವಕೀಲರ ಪತ್ರ ಬಂತು: ಹಿಂದಿನ ತಿಂಗಳ ಮೊದಲ ಮಂಗಳವಾರ ನಿಮ್ಮ ಕಾರು ವೆಸ್ಟ್‌ಲ್ಯಾಂಡ್ಸ್‌ನಲ್ಲಿ ನಮ್ಮ ಕಕ್ಷಿದಾರರ ಖಾಸಗಿ ಅಂಗಳದಲ್ಲಿ ನಿಂತಿತ್ತು, ಹದಿನಾಲ್ಕು ದಿನದೊಳಗೆ ದಂಡ ಕಟ್ಟಿ, ಇಲ್ಲವೇ ಕೋರ್ಟಿಗೆ ಬನ್ನಿ.

ಮ್ಯಾನೇಜರಿಗೆ ತೋರಿಸಿದೆ. ಅದೇ ತಿಂಗಳು ನನ್ನ ವರ್ಕ್ ಪರ್ಮಿಟ್ ಮುಗಿಯುತ್ತಿತ್ತು. ಅರ್ಜಿಗೆ ಅವರ ಸಹಿ ಬೇಕಿತ್ತು.

"ಕೇಸು ಇರುವವನಿಗೆ ಸಹಿ ಹಾಕೋದಿಲ್ಲ. ಮುಗಿಯಿತು ಅಂತ ವಕೀಲರಿಂದ ಬರೆಸಿಕೊಂಡು ಬಾ."

"ತಪ್ಪು ನನ್ನದಲ್ಲ ಸರ್."

"ಹಾಗಾದರೆ ತಡವಾಗುತ್ತೆ," ಎಂದರು.

ಬ್ರೇಕು

ಕಾರಿನಲ್ಲಿ ನಾನೊಂದು ನೋಟ್‌ಬುಕ್ ಇಟ್ಟಿದ್ದೆ. ಹೊರಟ ಸಮಯ, ಹೋದ ಜಾಗ, ನಿಲ್ಲಿಸಿದ ಜಾಗ, ಓಡಿದ ಕಿಲೋಮೀಟರ್. ಬರೆಯದೆ ಇದ್ದದ್ದು ನಡೆದೇ ಇಲ್ಲ ಎಂದು ಕಾಲೇಜಿನ ಪ್ರಯೋಗಾಲಯದಲ್ಲಿ ಕಲಿತದ್ದು. ತೆಗೆದು ನೋಡಿದೆ. ಆ ಮಂಗಳವಾರ ಕಾರು ಬ್ರೇಕ್ ರಿಪೇರಿಗೆಂದು ಗ್ಯಾರೇಜಿನಲ್ಲಿತ್ತು.

ಮೆಕ್ಯಾನಿಕ್ ಒಪ್ಪಿಕೊಂಡ. "ಟೆಸ್ಟ್ ಮಾಡೋಕೆ ಓಡಿಸಿದೆ."

"ವೆಸ್ಟ್‌ಲ್ಯಾಂಡ್ಸ್ ತನಕ?"

"ಬ್ರೇಕ್ ಹಿಡಿದದ್ದೇ ಅಲ್ಲಿ."

ಅದನ್ನೇ ಬರೆದುಕೊಡು ಎಂದೆ. ಕೊಟ್ಟ. ಕೊನೆಯಲ್ಲಿ, 'ಬ್ರೇಕ್ ಈಗ ಚೆನ್ನಾಗಿದೆ' ಎಂದು ಸೇರಿಸಿದ.

ಬೋರ್ಡು

ಪತ್ರದಲ್ಲಿದ್ದ ಆ ಅಂಗಳ ನನಗೆ ಹೊಸದಲ್ಲ. ಅದರ ಮುಂದಿನ ಅಂಗಡಿಯಲ್ಲಿ ಒಳ್ಳೆಯ ಉದ್ದಿನಬೇಳೆ ಸಿಗುತ್ತಿತ್ತು. ಶನಿವಾರ ಹೋದಾಗ ಅಲ್ಲಿಯೇ ನಿಲ್ಲಿಸುತ್ತಿದ್ದೆ. ಗೇಟಿನ ಅಸ್ಕಾರಿ, ಎಂದರೆ ಕಾವಲುಗಾರ, ಸಲಾಮು ಹೊಡೆದು "ಸವಾ" ಅನ್ನುತ್ತಿದ್ದ. ಸರಿ ಅಂದನಲ್ಲ, ಅಂಗಳ ಅಂಗಡಿಯದ್ದೇ ಎಂದುಕೊಂಡಿದ್ದೆ.

ಎಚ್ಚರಿಕೆಯ ಬೋರ್ಡು ಇದೆಯೇ ಎಂದು ನೋಡಲು ಅಳತೆಯ ಟೇಪು ಹಿಡಿದು ಹೋದೆ. ಇತ್ತು, ಗೇಟಿನ ಒಳಮುಖಕ್ಕೆ.

"ಒಳಗೆ ಬರುವವರಿಗೆ ಕಾಣೋದಿಲ್ಲವಲ್ಲ?"

"ಹೊರಗೆ ಹಾಕಿದರೆ ಕದ್ದುಬಿಡ್ತಾರೆ ಬ್ವಾನಾ," ಎಂದ ಅಸ್ಕಾರಿ.

ಟೇಪಿನ ಇನ್ನೊಂದು ತುದಿಯನ್ನು ಅವನೇ ಹಿಡಿದುಕೊಂಡ. ಉದ್ದ, ಅಗಲ, ನೆಲದಿಂದ ಎತ್ತರ ಎಲ್ಲ ಬರೆದುಕೊಂಡೆ. ಮುಗಿದ ಮೇಲೆ ಅವನೂ ಒಂದು ಪುಸ್ತಕ ತೆಗೆದು, ಅಂಗಳದಲ್ಲಿ ನಿಂತಿದ್ದ ನನ್ನ ಕಾರಿನ ನಂಬರು ಬರೆದ.

"ಇದ್ಯಾಕೆ?"

"ನೀವು ಬರೆದಿರಿ, ನಾನೂ ಬರೆದೆ. ಸವಾ?"

ಡಾಕ್ಟರ ಸಲಹೆ

ಉತ್ತರ ಆರು ಪುಟವಾಯಿತು. ಉದ್ದೇಶ, ವೀಕ್ಷಣೆ, ಬೋರ್ಡಿನ ನಕ್ಷೆ, ತೀರ್ಮಾನ. ಅನುಬಂಧ ಒಂದು, ಮೆಕ್ಯಾನಿಕ್‌ನ ಪತ್ರ. ಅನುಬಂಧ ಎರಡು, ನನ್ನ ನೋಟ್‌ಬುಕ್ಕಿನ ನಾಲ್ಕು ತಿಂಗಳ ಪೂರ್ತಿ ನಕಲು. ಒಂದೇ ದಿನದ ದಾಖಲೆ ಕೊಟ್ಟರೆ ಯಾರು ನಂಬುತ್ತಾರೆ?

ಸೌತ್ ಬಿ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯವರು ಮಂಗಳೂರಿನ ಡಾಕ್ಟರು. ಮೊದಲ ಪುಟ ನೋಡಿಯೇ ಕನ್ನಡಕ ತೆಗೆದರು.

"ಕಾರು ಗ್ಯಾರೇಜಲ್ಲಿ ಇತ್ತು ಅಂತ ಒಂದು ಸಾಲು ಸಾಕು ಮಾರಾಯ್ರೆ. ಜ್ವರ ಅಂತ ಬಂದವರು ಜ್ವರ ಮಾತ್ರ ಹೇಳ್ಬೇಕು. ಹೆಚ್ಚು ಹೇಳಿದ್ರೆ ನಾನು ಬೇರೆ ಏನಾದ್ರೂ ಹುಡುಕ್ತೇನೆ."

ವೈದ್ಯಶಾಸ್ತ್ರ ನಿಖರ ವಿಜ್ಞಾನವಲ್ಲ ಎಂದುಕೊಂಡು ಪತ್ರ ಅಂಚೆಗೆ ಹಾಕಿದೆ.

ಉತ್ತರಕ್ಕೆ ಉತ್ತರ

ಹನ್ನೆರಡನೆಯ ದಿನ ವಕೀಲರ ಲಕೋಟೆ ಬಂತು. ಒಳಗೆ ಎರಡು ಪತ್ರ. ಮೊದಲನೆಯದು: 'ತಮ್ಮ ದಾಖಲೆಯ ನಿಖರತೆಯನ್ನು ನಮ್ಮ ಕಕ್ಷಿದಾರರು ಸಂಪೂರ್ಣವಾಗಿ ಒಪ್ಪಿದ್ದಾರೆ. ಮಂಗಳವಾರದ ದೂರನ್ನು ಕೈಬಿಡಲಾಗಿದೆ.' ಕುಳಿತಲ್ಲೇ ಒಂದು ಲೋಟ ನೀರು ಕುಡಿದೆ.

ಎರಡನೆಯದು: 'ಅನುಬಂಧ ಎರಡರಲ್ಲಿ ತಾವೇ ದಾಖಲಿಸಿರುವ ಹನ್ನೊಂದು ಶನಿವಾರಗಳಿಗೂ, ಬೋರ್ಡು ಅಳೆದ ದಿನಕ್ಕೂ ಪ್ರತ್ಯೇಕವಾಗಿ ದಂಡ ಕಟ್ಟತಕ್ಕದ್ದು. ಶನಿವಾರಗಳ ವಿಷಯ ನಮ್ಮ ಕಕ್ಷಿದಾರರಿಗೆ ತಿಳಿದಿರಲಿಲ್ಲ. ಧನ್ಯವಾದ.'

ಎರಡನ್ನೂ ಮ್ಯಾನೇಜರ ಮೇಜಿನ ಮೇಲಿಟ್ಟೆ. ಊರಿಗೆ ಹೋಗುವ ವಿಮಾನ ಯಾವ ದಿನ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಅವರು ಎರಡನ್ನೂ ಓದಿದರು. ಮೊದಲನೆಯದನ್ನು ಅರ್ಜಿಗೆ ಪಿನ್ ಮಾಡಿ ಸಹಿ ಹಾಕಿದರು. ಎರಡನೆಯದನ್ನು ಮಡಚಿ ನನ್ನ ಜೇಬಿಗೆ ತುರುಕಿದರು.

"ನಾನು ಸಹಿ ಹಾಕಿದ್ದು ಹತ್ತು ಗಂಟೆಗೆ. ಈ ಎರಡನೇದು ಬಂದದ್ದು ಮಧ್ಯಾಹ್ನ. ಹೋಗಿ ದಂಡ ಕಟ್ಟು. ದಯವಿಟ್ಟು ಇದೊಂದನ್ನು ಎಲ್ಲೂ ಬರೆದಿಡಬೇಡ."

ನಾನು ಪೆನ್ನಿಗೆ ಮುಚ್ಚಳ ಹಾಕಿದೆ. ಬರೆದಾಗಿತ್ತು.