ಮಸ್ಕಿ ಮ್ಯಾಚಿಗೆ ನಾನು ಹೇಳಿದ ಭವಿಷ್ಯ

ಈ ಸಂಗತಿಯನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದಿದ್ದೇನೆ. ಮಕ್ಕಳ ಮದುವೆ ಆಗಲಿ ಎಂದೆ, ಪಿಂಚಣಿ ಬರಲಿ ಎಂದೆ, ಕಣ್ಣಿನ ಆಪರೇಷನ್ ಮುಗಿಯಲಿ ಎಂದೆ. ಈಗ ಕಣ್ಣು ಚೆನ್ನಾಗಿ ಕಾಣುತ್ತಿದೆ, ನೆಪ ಮಾತ್ರ ಒಂದೂ ಕಾಣುತ್ತಿಲ್ಲ.

ನಿಜಾಮರ ಆಳ್ವಿಕೆ ಮುಗಿದು ಮೂರ್ನಾಲ್ಕು ವರ್ಷವಾಗಿತ್ತು. ಮೆಟ್ರಿಕ್ ಪಾಸಾದ ನಾನು ಸಿಂಧನೂರಿನ ಕಚೇರಿಯೊಂದರಲ್ಲಿ ನಕಲು ಬರೆಯುತ್ತಿದ್ದೆ. ದಿನವಿಡೀ ಬೇರೆಯವರ ಮಾತು ಬರೆಯುವವನಿಗೆ ಸ್ವಂತದ್ದೇನಾದರೂ ಬರೆಯುವ ಚಪಲ ಇದ್ದೇ ಇರುತ್ತದೆ. ಬಸ್ಸು ನಿಲ್ಲುವ ಜಾಗದಲ್ಲಿ ವೀರಣ್ಣನ ಹೋಟೆಲು, ಅದರ ಹೊರಗೊಂದು ಕರಿಹಲಗೆ. ಫುಟ್‌ಬಾಲ್ ಮ್ಯಾಚಿನ ಹಿಂದಿನ ದಿನ ಅದರ ಮೇಲೆ ಯಾರು ಗೆಲ್ಲುತ್ತಾರೆ, ಏಕೆ ಗೆಲ್ಲುತ್ತಾರೆ ಎಂದು ಬರೆಯುತ್ತಿದ್ದೆ. ಜನ ಓದಿ ಮಿರ್ಚಿ ಭಜಿಯ ಶರ್ತು ಕಟ್ಟುತ್ತಿದ್ದರು. ಸೋತವನು ಗೆದ್ದವನಿಗೆ ಸಾಕೆನ್ನುವವರೆಗೆ ತಿನ್ನಿಸಬೇಕು. ನಮ್ಮ ಟೀಮೂ ಲಿಂಗಸುಗೂರಿನ ಟೀಮೂ ರಾಯಚೂರಿನ ಪಂದ್ಯಾವಳಿಗೆ ಹೋದರೆ ಮೊದಲ ದಿನವೇ ಊರಿಗೆ ಮರಳುವಂಥವು. ಆದರೆ ಎದುರುಬದುರಾದರೆ ಇಬ್ಬರೂ ಹುಲಿಗಳೇ.

ನನ್ನ ಭವಿಷ್ಯ ಎರಡು ಸಲ ಸುಳ್ಳಾಗಿತ್ತು. "ಸಾಹೇಬ್ರು ಸಿಂಧನೂರು ಅಂತ ಬರದ್ರ ನೀ ಲಿಂಗಸುಗೂರಿಗೆ ಕಟ್ಟಲೇ, ಭಜಿ ಖಾಯಂ," ಎಂದು ವೀರಣ್ಣ ಗಿರಾಕಿಗಳಿಗೆ ನನ್ನೆದುರೇ ಹೇಳುತ್ತಿದ್ದ.

ಮೂರನೆಯದು ಎರಡೂ ಊರುಗಳ ನಡುವಿನ ಮಸ್ಕಿಯಲ್ಲಿ ಅದೇ ಲಿಂಗಸುಗೂರಿನ ಜೊತೆ ನಡೆಯಬೇಕಿದ್ದ ಮ್ಯಾಚು. ನಮ್ಮ ಗೋಲ್‌ಕೀಪರ್ ಅಡತಿ ಅಂಗಡಿಯೊಂದರ ಹಮಾಲ. ಬಂಡಿಯ ಮೇಲಿಂದ ಎಸೆದ ಹತ್ತಿಗಂಟನ್ನು ಎದೆಗವಚಿ ಹಿಡಿಯುತ್ತಿದ್ದ ಅವನಿಗೆ ಚೆಂಡು ಹಿಡಿಯುವುದು ನಿಂಬೆಹಣ್ಣು ಹಿಡಿದಷ್ಟು ಸಲೀಸು. ಹಿಂದಿನ ದಿನ ಅವನು ನನ್ನನ್ನು ಪಕ್ಕಕ್ಕೆ ಕರೆದ.

"ಸಾಹೇಬ್ರ, ಎಡಗೈ ಭುಜದ ಮ್ಯಾಲ ಏಳವಲ್ದು. ಯಾರ ಮುಂದೂ ಅನಬ್ಯಾಡ್ರಿ. ಸಾಹುಕಾರಗ ತಿಳಿದ್ರ ನನ್ನ ಕೆಲಸ ಹೋಗತೈತಿ."

"ಹೇಳಲ್ಲ," ಎಂದೆ. ಹೇಳಲೂ ಇಲ್ಲ, ಬರೆದೆ. "ನಮ್ಮ ಗೋಲ್‌ಕೀಪರನ ಎಡಗೈ ಏಳುವುದಿಲ್ಲ. ಲಿಂಗಸುಗೂರಿಗೆ ಎರಡು ಗೋಲಿನ ಗೆಲುವು." ಅಕ್ಷರಗಳು ಎಷ್ಟು ದುಂಡಗೆ ಬಂದವೆಂದರೆ ಹಿಂದೆ ಸರಿದು ಎರಡು ಸಲ ನೋಡಿದೆ. ಲಿಂಗಸುಗೂರಿನ ಬಸ್ಸಿನವರು ಚಹಾ ಕುಡಿಯುತ್ತ ಅದನ್ನು ಓದಿಕೊಂಡು ಹೋದರು.

ಓದು ಬಾರದ ನಮ್ಮ ಗೋಲ್‌ಕೀಪರನಿಗೆ ವೀರಣ್ಣ ಅದನ್ನು ಓದಿ ಹೇಳಿದ. ಅವನು ಹಲಗೆಯನ್ನೇ ನೋಡುತ್ತ ನಿಂತು, "ಹಂಗಾದ್ರ ನಂದೂ ಒಂದು ಶರ್ತು ಹಿಡೀರಿ, ಸಾಹೇಬ್ರ," ಎಂದ.

ಮರುದಿನ ಮಸ್ಕಿಯ ಬಯಲಿನಲ್ಲಿ ಅವನು ನಿಂತ ರೀತಿಯನ್ನು ನಾನು ಸಾಯುವವರೆಗೂ ಮರೆಯಲಾರೆ. ಗೋಲಿನ ನಡುವೆ ನಿಲ್ಲಲಿಲ್ಲ. ಎಡಗಡೆಯ ಕಂಬಕ್ಕೆ ಹೆಗಲು ತಾಗುವಂತೆ ನಿಂತ. ಎಡಕ್ಕೆ ಕಾವಲು ಬೇಕಾದ ಜಾಗವೇ ಇರಲಿಲ್ಲ. ಇಡೀ ಗೋಲು ಅವನ ಬಲಗೈ ಕಡೆ. ಲಿಂಗಸುಗೂರಿನವರು ನನ್ನ ಹಲಗೆ ನಂಬಿ ಎಡಕ್ಕೇ ಹೊಡೆದರು, ಚೆಂಡು ಹೋಗಿ ಅವನ ಎದೆಗೇ ಬಡಿಯಿತು. ಬುದ್ಧಿ ಬಂದು ಬಲಕ್ಕೆ ಹೊಡೆದಾಗ ಅವನು ಅಷ್ಟುದ್ದ ಹಾರಿ ಒಂದೇ ಕೈಯಲ್ಲಿ ತಳ್ಳಿದ. ಬಿದ್ದು ಉರುಳಿದಾಗ ಎಡಭುಜವೂ ನೆಲಕ್ಕೆ ಬಡಿಯುತ್ತಿತ್ತು. ಪ್ರತಿ ಸಲವೂ ಎದ್ದು ಮತ್ತೆ ಆ ಕಂಬದ ಬಳಿ ಹೋಗಿ ನಿಲ್ಲುತ್ತಿದ್ದ. ನಾವು ಒಂದು ಗೋಲಿನಿಂದ ಗೆದ್ದೆವು. ನಮ್ಮವರು ಸೋಲುತ್ತಾರೆಂದು ಶರ್ತು ಕಟ್ಟಿದ್ದ ನಾನೂ ಟೋಪಿ ಎಸೆದು ಕುಣಿದೆ.

ಮರುದಿನ ಬೆಳಿಗ್ಗೆ ಸಾಹುಕಾರ, "ಕೈ ಏಳದಂವ ಚೀಲ ಹೆಂಗ ಎತ್ತತಾನ?" ಎಂದು ಅವನನ್ನು ಕೆಲಸದಿಂದ ಬಿಡಿಸಿದನಂತೆ. ಹಲಗೆಯನ್ನು ಸಾಹುಕಾರನೂ ಓದಿದ್ದ. ಸಂಜೆ ನಮ್ಮ ಗೋಲ್‌ಕೀಪರ್ ಹೋಟೆಲಿಗೆ ಬಂದು ಶರ್ತಿನ ಭಜಿ ಕೇಳಿದ. ನಾನು ತಟ್ಟೆ ಇಟ್ಟೆ. ಅವನು ಒಂದನ್ನು ನನ್ನ ಕಡೆ ಸರಿಸಿದ.

"ನೀವೂ ತಿನ್ರಿ. ಕೈಯಿಂದು ನೀವು ಸುಳ್ಳು ಬರದಿಲ್ಲ. ಗೋಲಿಂದಷ್ಟ ತಪ್ಪಾತು."

ತಪ್ಪಾಯಿತು ಎನ್ನಬೇಕಾದವನು ನಾನು. ಬಾಯ್ತುಂಬ ಭಜಿ ಇತ್ತು, ಅಗಿಯುತ್ತ ಕುಳಿತೆ. ಅವನು ಮುಕ್ಕುಂದದ ಕಡೆ ಕೂಲಿಗೆ ಹೋದನೆಂದು ಆಮೇಲೆ ಕೇಳಿದೆ. ಮುಕ್ಕುಂದ ದೂರವೇನಲ್ಲ, ಐವತ್ತು ವರ್ಷ ನನಗೆ ಬಸ್ಸು ಸಿಗಲಿಲ್ಲ, ಅಷ್ಟೆ.

ಈ ಬರಹ ಯಾರಾದರೂ ಅವನಿಗೆ ಓದಿ ಹೇಳಿದರೆ ಅವನು ಕ್ಷಮಿಸಿಯಾನೇ? ಭವಿಷ್ಯ ಹೇಳಲಾರೆ, ನನ್ನ ಭವಿಷ್ಯದ ಗುಣ ನಿಮಗೆ ಗೊತ್ತೇ ಇದೆ. ಅಂದು ಹಲಗೆಯ ಮೇಲೆ ಅವನ ಕೈಯ ಸುದ್ದಿ ಬರೆದ ನಾನು ಅವನ ಹೆಸರು ಬರೆದಿರಲಿಲ್ಲ. ಈಗ ಬರೆಯುತ್ತೇನೆ: ಹುಲಗಪ್ಪ.