ಕಲ್ಲುಗೈಯ ಕೆಂಪು ನಿಲುವಂಗಿ

ಆ ದಿನ ದರ್ಜಿಯ ಹೊಟ್ಟೆಗೆ ಕಿಚ್ಚು ಬಿದ್ದದ್ದು ಒಂದು ಸ್ಟೂಲಿನಿಂದ.

ಕ್ಷೌರದಂಗಡಿಯ ದೊಡ್ಡ ಕನ್ನಡಿಯ ಪಕ್ಕದಲ್ಲಿ, ಕಿಟಕಿಗೆ ಒತ್ತಿದ ಹಾಗೆ ಒಂದು ಮರದ ಸ್ಟೂಲಿತ್ತು. ಅದರ ಒಂದು ಕಾಲು ಗಿಡ್ಡ. ಅದರಡಿಗೆ ನಾಲ್ಕು ಮಡಿಕೆಯ ಬಟ್ಟೆ ಚೂರು ಇಟ್ಟು ಸರಿಮಾಡಿದವನು ದರ್ಜಿಯೇ. ಹನ್ನೆರಡು ವರ್ಷದಿಂದ ಪ್ರತಿ ಭಾನುವಾರ ಅವನು ಅದರ ಮೇಲೆ ಕೂತು ಏಳು ವೀರರ ಸಿನಿಮಾಗಳ ವಿಷಯ ಹೇಳುತ್ತಿದ್ದ. ಗಡ್ಡಕ್ಕೆ ಬಂದವರು, ತಲೆಗೆ ಬಂದವರು, ಯಾವುದಕ್ಕೂ ಅಲ್ಲದೆ ಸುಮ್ಮನೆ ಬಂದವರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.

ಏಳು ವೀರರ ಸಿನಿಮಾ ಎಂದರೆ ಸುಮ್ಮನೆ ಅಲ್ಲ. ಒಬ್ಬೊಬ್ಬ ವೀರನಿಗೂ ಬೇರೆಬೇರೆ ಸಿನಿಮಾ, ಆದರೆ ಎಲ್ಲರದೂ ಒಂದೇ ಲೋಕ. ಬಿರುಗಾಳಿ ತನ್ನ ಸಿನಿಮಾದಲ್ಲಿ ಮುರಿದ ಸೇತುವೆಯನ್ನು ಮಂಜುಗಣ್ಣಿ ತನ್ನ ಸಿನಿಮಾದಲ್ಲಿ ಸುತ್ತು ಹಾಕಿಕೊಂಡು ಹೋಗುತ್ತಾಳೆ. ಹೀಗೆ ಹನ್ನೊಂದು ಸಿನಿಮಾ. ಯಾರಿಗೆ ಯಾರು ಏನಾಗಬೇಕು ಎಂದು ನೆನಪಿಟ್ಟುಕೊಳ್ಳುವುದು ದೊಡ್ಡ ಕುಟುಂಬದ ಮದುವೆಯಲ್ಲಿ ನೆಂಟರ ಗುರುತು ಹಿಡಿದಷ್ಟೇ ಕಷ್ಟ. ಆ ಕಷ್ಟವನ್ನು ಊರಿನ ಪರವಾಗಿ ದರ್ಜಿಯೊಬ್ಬನೇ ಹೊತ್ತಿದ್ದ.

ಅವನ ದೊಡ್ಡ ಶೋಧ ಐದನೆಯ ಹೊಲಿಗೆ. ವೀರರಲ್ಲಿ ಹಿರಿಯನಾದ ಕಲ್ಲುಗೈಯ ಎಡಗೈಗವಸಿಗೆ, ಹೆಬ್ಬೆರಳಿನ ಬುಡದಲ್ಲಿ, ಮೊದಲ ಸಿನಿಮಾದಲ್ಲಿ ನಾಲ್ಕು ಹೊಲಿಗೆ. ನಾಲ್ಕನೆಯ ಸಿನಿಮಾದಲ್ಲಿ ಐದು. ನಡುವೆ ಯಾರೋ ಹೊಲಿದಿದ್ದಾರೆ. ಆ ಹೊಲಿಗೆಯ ಓರೆ ನೋಡಿದರೆ ಎಡಗೈಯಿಂದ ಹಾಕಿದ್ದು. ಆ ಲೋಕದಲ್ಲಿ ಎಡಚಿ ಎಂದರೆ ಕಲ್ಲುಗೈಯ ತಾಯಿಯೊಬ್ಬಳೇ. ಅಂದಮೇಲೆ ಸತ್ತಳೆಂದು ಎಲ್ಲರೂ ತಿಳಿದಿದ್ದ ತಾಯಿ ಬದುಕಿದ್ದಾಳೆ! ದರ್ಜಿಯಲ್ಲದೆ ಇನ್ಯಾರ ಕಣ್ಣಿಗೆ ಬಿದ್ದೀತು ಇದು? ಟೀ ಅಂಗಡಿಯ ಚಿಕ್ಕಮ್ಮ ಈ ಮಾತು ಕೇಳಿದ ದಿನ ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದಳು.

ಇಂಥ ದರ್ಜಿ ಆ ಭಾನುವಾರ ಬೆಳಿಗ್ಗೆ ಕ್ಷೌರದಂಗಡಿಗೆ ಕಾಲಿಟ್ಟರೆ ಸ್ಟೂಲಿನ ಮೇಲೆ ಡಿಗ್ರಿ ಕೂತಿದ್ದ.

ಡಿಗ್ರಿ ಡೈರಿಯಲ್ಲಿ ಹಾಲು ಅಳೆಯುವವನು. ಊರಿಗೆ ಬಂದು ಎರಡು ವರ್ಷ. ಗಾಜಿನ ಕಡ್ಡಿ ಹಾಲಿಗಿಳಿಸಿ, ನೀರು ಬೆರೆತಿದೆಯೋ ಇಲ್ಲವೋ ನೋಡಿ, "ಇಪ್ಪತ್ತಾರು ಡಿಗ್ರಿ, ಇಪ್ಪತ್ತೆಂಟು ಡಿಗ್ರಿ" ಎಂದು ಕೂಗಿ ಕೂಗಿ ಅವನಿಗೆ ಆ ಹೆಸರೇ ನಿಂತಿತ್ತು. ಸಣಕಲ ಮೈ, ಕಿವಿಯ ಮೇಲೆ ಪೆನ್ನು. ಮೊದಮೊದಲು ದರ್ಜಿಯ ಕಾಲಬಳಿ ಕೂತು ಕೇಳಿದವನು ಈಗೀಗ ಸಿನಿಮಾಕ್ಕೂ ಡಿಗ್ರಿ ಹೇಳತೊಡಗಿದ್ದ. ಜನ ನಗುತ್ತಿದ್ದರು. ಜನ ನಕ್ಕಾಗಲೆಲ್ಲ ದರ್ಜಿಗೆ ಎದೆಯಲ್ಲಿ ಸೂಜಿ ಮುರಿದ ಹಾಗಾಗುತ್ತಿತ್ತು.

"ಬನ್ನಿ ಅಣ್ಣ, ಕೂತ್ಕೊಳ್ಳಿ," ಎಂದು ಡಿಗ್ರಿ ಎದ್ದ.

"ಪರವಾಗಿಲ್ಲ, ಕೂತಿರಪ್ಪ. ಬಿಸಿಯಾದ ಜಾಗ ನನಗೆ ಆಗಿಬರೋಲ್ಲ," ಎಂದ ದರ್ಜಿ.

ಡಿಗ್ರಿ ನಿಜವಾಗಿಯೂ ಕೂತುಬಿಟ್ಟ. ಒಂದು ಸಲ ಬೇಡವೆಂದರೆ ಇನ್ನೆರಡು ಸಲ ಕರೆಯಬೇಕೆಂಬುದು ಆ ಪ್ರಾಣಿಗೆ ತಿಳಿಯದು.

ಅಷ್ಟರಲ್ಲಿ ದರ್ಜಿಯ ಬಾಮೈದ ಗೋಂದಿನ ಬಕೆಟ್ಟು, ಕುಂಚ ಹಿಡಿದು ಬಂದ. ಅವನ ಕಸುಬು ಪೇಟೆಯ ಟಾಕೀಸಿಗೆ ಪೋಸ್ಟರ್ ಅಂಟಿಸುವುದು. ಸಿನಿಮಾ ಕಂಪನಿಯಿಂದ ಏನೇ ಕಾಗದ ಬರಲಿ, ಅವನ ಕೈಗೆ ಗೊತ್ತಿದ್ದದ್ದು ಒಂದೇ ಕೆಲಸ. ಟಾಕೀಸಿನ ಯಜಮಾನ "ಊರವರಿಗೆ ತಿಳಿಸು" ಎಂದು ಒಂದು ಪತ್ರ ಕೊಟ್ಟಿದ್ದ. ಇವನು ಗೋಂದು ಬಳಿದು ಅದನ್ನು ಅಕ್ಕನ ಮನೆಯ ಗೋಡೆಗೆ, ಅಂದರೆ ದರ್ಜಿ ಅಂಗಡಿಯ ಬಾಗಿಲ ಪಕ್ಕಕ್ಕೆ, ನಾಲ್ಕು ಮೂಲೆಯೂ ಏಳದಂತೆ ತಿಕ್ಕಿ ಅಂಟಿಸಿ ಬಂದಿದ್ದ.

"ಭಾವಾ, ನಿಮ್ಮ ಏಳು ಜನಾನೂ ಮನೆಗೆ ಕಳಿಸ್ತಾರಂತೆ!"

ಎಲ್ಲರೂ ಓಡಿದರು. ಅರ್ಧ ಮುಖಕ್ಕೆ ಸೋಪಿನ ನೊರೆ ಹಚ್ಚಿಸಿಕೊಂಡಿದ್ದ ಗಾಡಿಯವನೂ ಓಡಿದ. ಕ್ಷೌರಿಕ ಗಟ್ಟಿಯಾಗಿ ಓದಿದ: ಹಳೆಯ ಹನ್ನೊಂದು ಸಿನಿಮಾಗಳ ಕತೆಯನ್ನು ಅಲ್ಲಿಗೇ ಬಿಟ್ಟು, ಹೊಸ ನಟರಿಂದ, ಮೊದಲಿನಿಂದ, ಇಡೀ ಲೋಕವನ್ನು ಮತ್ತೆ ಶುರುಮಾಡುವ ಯೋಜನೆಯಿದೆ. ಅಭಿಮಾನಿಗಳು ಕೂತು ಚರ್ಚಿಸಬೇಕು. ಊರಿಗೊಬ್ಬರಂತೆ ಆರಿಸಿ ಕಳಿಸಬೇಕು. ಬಂದವರಿಗೆ ಏಳು ವೀರರ ಜೊತೆ ಒಂದು ದಿನ ಮಾತುಕತೆ, ಊಟ. ಕಾಗದದ ಬಲಮೂಲೆಯಲ್ಲಿ ಒಂದು ಸಣ್ಣ ಬಾಣದ ಗುರುತಿತ್ತು. ಅದರ ಮೊನೆ ನೆಟ್ಟಗೆ ದರ್ಜಿಯ ಬಾಗಿಲು ತೋರಿಸುತ್ತಿತ್ತು. ದರ್ಜಿ ಅದನ್ನು ನೋಡಿದ. ಯಾರಿಗೂ ಹೇಳಲಿಲ್ಲ. ಶಕುನವನ್ನು ಬಾಯಿಬಿಟ್ಟು ಹೇಳಿದರೆ ಕೆಡುತ್ತದೆ.

ಮಧ್ಯಾಹ್ನ ಮೂರಕ್ಕೆ ಸಭೆ ಎಂದಾಯಿತು.

ದರ್ಜಿ ಅಂಗಡಿಯ ಹಿಂದಿನ ಕೋಣೆಗೆ ಹೋಗಿ ಟ್ರಂಕು ತೆಗೆದ. ತಳದಲ್ಲಿ, ಹಳೆ ಸೀರೆಯಲ್ಲಿ ಸುತ್ತಿ, ಕಲ್ಲುಗೈಯ ಕೆಂಪು ನಿಲುವಂಗಿ ಇತ್ತು. ಏಳು ವರ್ಷದ ಹಿಂದೆ, ಊರವರ ಅಂಗಿಗಳ ನಡುವೆ ಕದ್ದುಮುಚ್ಚಿ ತನಗೆಂದೇ ಹೊಲಿದದ್ದು. ಒಳಗಡೆ ಕೊರಳಪಟ್ಟಿಯಲ್ಲಿ ಬಿಳಿ ದಾರದಿಂದ ತನ್ನ ಹೆಸರನ್ನೂ ಕಸೂತಿ ಹಾಕಿದ್ದ. ಬಾಗಿಲು ಹಾಕಿ ತೊಟ್ಟುಕೊಂಡ. ಕೊರಳ ಕೊಂಡಿ ಕೂಡಲಿಲ್ಲ. ಉಸಿರು ಹಿಡಿದರೂ ಎರಡು ಬೆರಳು ಕಮ್ಮಿ.

"ಕೊರಳು ಬೆಳೆದಿದೆ, ಬುದ್ಧಿ ಮಾತ್ರ ಅಲ್ಲೇ ಇದೆ," ಎಂದಳು ಹೆಂಡತಿ, ಬಾಗಿಲ ಸಂದಿಯಿಂದ. "ಮೇಷ್ಟ್ರ ಅಂಗಿ ಇವತ್ತು ಕೊಡಬೇಕು ಅಂದಿದ್ರಿ?"

ದರ್ಜಿ ಹೊಲಿಗೆಗೆ ಕೂತ. ಕಾಲು ಪೆಡಲು ತುಳಿಯುತ್ತಿತ್ತು, ಮನಸ್ಸು ಭಾಷಣ ಮಾಡುತ್ತಿತ್ತು. ಹಳಬರ ಪರವಾಗಿ ಏನೇನು ಹೇಳಬೇಕು ಎಂದು ಸಾಲಾಗಿ ಜೋಡಿಸಿಕೊಂಡ. ಕೊನೆಗೆ ಐದನೆಯ ಹೊಲಿಗೆ. ಆಮೇಲೆ ಸಭೆ ಸ್ತಬ್ಧ. ಡಿಗ್ರಿಯ ಮುಖ ಹಳಸಿದ ಹಾಲಿನ ಹಾಗೆ ಒಡೆದುಹೋಗುವುದನ್ನು ಕಣ್ಣಲ್ಲಿ ಕಂಡು ಸಣ್ಣಗೆ ನಕ್ಕ. ನಗು ಮುಗಿಯುವಾಗ ನೋಡಿದರೆ ಮೇಷ್ಟ್ರ ಅಂಗಿಯ ಜೇಬಿಗೆ ನಾಲ್ಕು ಕಡೆಯೂ ಹೊಲಿಗೆ ಬಿದ್ದಿತ್ತು.

ಅದನ್ನು ಬಿಚ್ಚಿ ಮತ್ತೆ ಹೊಲಿದು ಸಭೆಗೆ ಹೋಗುವ ಹೊತ್ತಿಗೆ ಮೂರೂಕಾಲು. ಕ್ಷೌರದಂಗಡಿ ತುಂಬಿ ಜನ ಬೀದಿಗೆ ಹರಿದಿದ್ದರು. ಡಿಗ್ರಿ ಆಗಲೇ ಎದ್ದು ನಿಂತು ಮಾತಾಡುತ್ತಿದ್ದ.

"ಹಳಬರನ್ನ ಬಿಡಬಾರದು," ಎನ್ನುತ್ತಿದ್ದ. "ಸೇತುವೆ ಮುರಿದಾಗ ನಾವು ನೋಡಿದ್ದೀವಿ. ಮತ್ತೆ ಶುರು ಅಂದ್ರೆ ಆ ಸೇತುವೆ ಮುರಿದೇ ಇಲ್ಲ ಅಂತ. ಹಾಗಾದ್ರೆ ನಾವು ಅತ್ತಿದ್ದು?"

"ಹೌದು ಮತ್ತೆ!" ಎಂದರು ಜನ.

ದರ್ಜಿಯ ಭಾಷಣದ ಮೊದಲ ಮಾತೇ ಅದು. ಎರಡನೆಯದೂ ಡಿಗ್ರಿಯ ಬಾಯಿಂದ ಬಂತು. ಮೂರನೆಯದೂ. ತನ್ನ ಹಟ್ಟಿಯ ದನಗಳು ಒಂದೊಂದಾಗಿ ಪರರ ಹಗ್ಗದಲ್ಲಿ ಹೋಗುವುದನ್ನು ನೋಡುವವನ ಹಾಗೆ ದರ್ಜಿ ಹೊಸಿಲಲ್ಲಿ ನಿಂತಿದ್ದ.

"ಇನ್ನೊಂದು ಮಾತು," ಎಂದ ಡಿಗ್ರಿ. "ಕಲ್ಲುಗೈ ಕೈಗವಸಿನ ಐದನೇ ಹೊಲಿಗೆ. ತಾಯಿ ಬದುಕಿದ್ದಾಳೆ. ಮಗ ಇನ್ನೂ ಅವಳ ಮುಖ ನೋಡಿಲ್ಲ. ನೋಡೋ ಮುಂಚೆ ಕತೆ ನಿಲ್ಲಿಸೋದು ನ್ಯಾಯವಾ?"

ಚಿಕ್ಕಮ್ಮ ಸೆರಗು ಕಣ್ಣಿಗೆ ಹಿಡಿದಳು. ಜನ ಚಪ್ಪಾಳೆ ತಟ್ಟಿದರು. ಗಾಡಿಯವನು ಶಿಳ್ಳೆ ಹಾಕಿದ. ಕ್ಷೌರಿಕ, "ಇನ್ನೇನು ಚರ್ಚೆ? ಇವನನ್ನೇ ಕಳಿಸೋಣ. ಎಷ್ಟು ಚೆನ್ನಾಗಿ ಹೇಳ್ದ!" ಎಂದ.

ದರ್ಜಿಗೆ ಆಮೇಲೆ ನೆನಪಿದ್ದದ್ದು ತಾನು ಸ್ಟೂಲಿನ ಮೇಲೆ ಹತ್ತಿ ನಿಂತದ್ದು ಮಾತ್ರ. ಬಾಯಿಂದ ಬಂದದ್ದು ಅವನ ಮಾತಲ್ಲ, ಹೊಟ್ಟೆಯದು.

"ಹೊಸದಾಗಿ ಶುರುಮಾಡಬೇಕು! ಒಂದು ಎಳೆಯೂ ಉಳಿಸದ ಹಾಗೆ!"

ಗಾಡಿಯವನ ಎರಡನೆಯ ಶಿಳ್ಳೆ ಅರ್ಧಕ್ಕೇ ನಿಂತಿತು.

"ಏನಣ್ಣ, ನೀವೇ ಹೀಗಂದ್ರೆ?" ಎಂದ ಡಿಗ್ರಿ.

"ನಾನೇ ಹೇಳಬೇಕು. ಬಟ್ಟೆ ಹಳೇದಾದ್ರೆ ಗೊತ್ತಾಗೋದು ದರ್ಜಿಗೆ. ಎಷ್ಟು ತೇಪೆ ಹಾಕ್ತೀರಿ? ಏಳನೇ ಸಿನಿಮಾದಲ್ಲಿ ಬಿರುಗಾಳಿ ಸತ್ತ. ಎಂಟರಲ್ಲಿ ಅವನ ಅವಳಿ ಬಂದ. ಒಂಬತ್ತರಲ್ಲಿ ಸತ್ತವನೇ ಅವಳಿ ಅಂದ್ರು. ಇದು ಕತೆಯಾ, ಗೋಣಿಚೀಲವಾ? ಬಿಚ್ಚಿ ಹೊಸದಾಗಿ ಹೊಲಿಬೇಕು!"

"ಆದ್ರೆ ತಾಯಿ?" ಎಂದಳು ಚಿಕ್ಕಮ್ಮ, ತಗ್ಗಿದ ದನಿಯಲ್ಲಿ.

ದರ್ಜಿ ಚಿಕ್ಕಮ್ಮನ ಕಡೆ ನೋಡಲಿಲ್ಲ. ಎದುರಿಗೆ ಡಿಗ್ರಿ ಕಿವಿಯ ಮೇಲಿನ ಪೆನ್ನು ಸರಿಮಾಡಿಕೊಳ್ಳುತ್ತಿದ್ದ.

"ತಾಯಿಯೂ ಇಲ್ಲ, ಮಣ್ಣೂ ಇಲ್ಲ! ಅದು ಅಲ್ಲಿಯ ದರ್ಜಿ ಮಾಡಿದ ಎಡವಟ್ಟು. ನೂಲು ಜಾಸ್ತಿ ಉಳಿದಿತ್ತು, ಒಂದು ಹೊಲಿಗೆ ಜಾಸ್ತಿ ಹಾಕ್ದ. ಅವಳು ಎಂದೋ ಸತ್ತಿದ್ದಾಳೆ!"

ಏಳು ವರ್ಷ ತಾನೊಬ್ಬನೇ ಜೀವ ಹಿಡಿಸಿಟ್ಟಿದ್ದ ಮುದುಕಿಯ ಕತ್ತನ್ನು ತಾನೇ ಹಿಸುಕಿದ ಹಾಗಾಯಿತು ಅವನಿಗೆ. ಆದರೂ ನಿಲ್ಲಿಸಲಿಲ್ಲ. ಮಂಜುಗಣ್ಣಿಯ ಬಂಧುಬಳಗವನ್ನೆಲ್ಲ ಎಳೆದು ಹಾಕಿದ. ಅಷ್ಟು ಪ್ರೀತಿಸಿದವನಿಗಲ್ಲದೆ ಅಷ್ಟು ಹುಳುಕು ಬೇರೆ ಯಾರಿಗೂ ಗೊತ್ತಿರಲು ಸಾಧ್ಯವಿರಲಿಲ್ಲ.

ಮೊದಲು ವಾಲಿದವಳು ಚಿಕ್ಕಮ್ಮ. "ಸತ್ತೇಹೋಗಿದ್ರೆ ಇನ್ನೇನು. ಹೊಸದು ಶುರುವಾಗ್ಲಿ. ಅದ್ರಲ್ಲಾದ್ರೂ ಆ ತಾಯಿ ಬದುಕಿ ಮಗನ ಮುಖ ನೋಡ್ಲಿ," ಎಂದಳು.

ಗಾಡಿಯವನು ಕೈಯೆತ್ತಿದ. ಕ್ಷೌರಿಕ ಕತ್ತಿ ಹಿಡಿದ ಕೈಯನ್ನೇ ಎತ್ತಿದ; ಪಕ್ಕದವರು ತಲೆ ತಗ್ಗಿಸಿದರು. ಬೀದಿಯವರೆಗೂ ಕೈಗಳೆದ್ದವು. ಹೊಸದರ ಕಡೆಗೆ ಮೂವತ್ತೊಂದು. ಹಳೆಯದರ ಕಡೆಗೆ ಒಂದೇ, ಡಿಗ್ರಿಯದು.

"ಹೋಗಿ ಬನ್ನಿ ದರ್ಜಿಯಣ್ಣ! ನೀವೇ ನಮ್ಮ ಊರಿನ ಆಳು!"

ಡಿಗ್ರಿ ತಾನಾಗಿ ಬಂದು ಸ್ಟೂಲನ್ನು ಒರೆಸಿ, "ಕೂತ್ಕೊಳ್ಳಿ ಅಣ್ಣ," ಎಂದ. ದರ್ಜಿ ಕೂತ. ಹನ್ನೆರಡು ವರ್ಷದಲ್ಲಿ ಆ ಸ್ಟೂಲು ಅವನಿಗೆ ಅಷ್ಟು ಮೆತ್ತಗೆ ಅನ್ನಿಸಿರಲಿಲ್ಲ.

"ಹೆಸರು ಬರೆದು ಕಳಿಸೋಣ. ವಿಳಾಸ ಎಲ್ಲಪ್ಪ?" ಎಂದ ಕ್ಷೌರಿಕ.

"ಲಕೋಟೆ ಮೇಲಿತ್ತು," ಎಂದ ಬಾಮೈದ.

"ಲಕೋಟೆ ಎಲ್ಲಿ?"

"ಕಡ್ಡಿ ಸಿಗಲಿಲ್ಲ, ಅದರಲ್ಲೇ ಗೋಂದು ಕಲಸಿದೆ. ಕಾಗದದ ಹಿಂದೇನೂ ಏನೋ ಬರೆದಿದ್ರಪ್ಪ. ವಿಳಾಸ ಅಲ್ಲೂ ಇರಬೇಕು."

"ಹಿಂದೆ ಬರೆದಿದ್ರಾ? ಮತ್ತೆ ಗೋಡೆಗೆ ಯಾಕೋ ಅಂಟಿಸ್ದೆ?"

"ಪೋಸ್ಟರಿನ ಹಿಂದೆ ಯಾರಾದ್ರೂ ಓದ್ತಾರಾ?" ಎಂದ ಬಾಮೈದ. ಅವನ ಕಸುಬಿನ ಮಟ್ಟಿಗೆ ಮಾತು ಸರಿಯೇ.

ಎಲ್ಲರೂ ಮತ್ತೆ ದರ್ಜಿ ಅಂಗಡಿಯ ಮುಂದೆ ಸೇರಿದರು. ಕ್ಷೌರಿಕ ಗಡ್ಡದ ಬಿಸಿನೀರು ತಂದು ಗೋಡೆಗೆ ಚಿಮುಕಿಸಿದ. ಕಾಗದ ನೆನೆದು, ಒಂದೊಂದು ಅಂಗುಲವಾಗಿ ಬಿಟ್ಟುಕೊಂಡು ಬಂತು. ಬಲಮೂಲೆಯ ಬಾಣ ಮಗುಚಿತು. ಪುಟ ತಿರುಗಿಸಿ ಎಂದು ಹೇಳುತ್ತಿದ್ದ ಬಾಣ ಅದು.

ಕ್ಷೌರಿಕ ಒದ್ದೆ ಕಾಗದವನ್ನು ಅಂಗೈ ಮೇಲೆ ಹರಡಿಕೊಂಡ. ಮೇಲ್ಗಡೆ ವಿಳಾಸವೂ, ಮಂಗಳವಾರ ಬಂದು ಸೇರಬೇಕೆಂಬ ಮಾತೂ ಇತ್ತು. ಅದರ ಕೆಳಗಿನದನ್ನು ಗಟ್ಟಿಯಾಗಿ ಓದಿದ: "ಹೊಸದಾಗಿ ಶುರುಮಾಡುವುದನ್ನು ಒಪ್ಪುವ ಅಭಿಮಾನಿಗಳಿಗೆ ನಮ್ಮ ವಂದನೆ. ಅವರು ತೊಂದರೆ ತೆಗೆದುಕೊಂಡು ಬರಬೇಕಾಗಿಲ್ಲ. ಒಪ್ಪದವರ ನೋವನ್ನು ಕೇಳಬೇಕೆಂಬುದೇ ನಮ್ಮ ಆಸೆ. ಆದ್ದರಿಂದ ನಿಮ್ಮಲ್ಲಿ ಯಾರು ಹಳೆಯ ವೀರರನ್ನು ಕಡೆಯವರೆಗೂ ಬಿಡಲಿಲ್ಲವೋ ಅಂಥ ಒಬ್ಬರನ್ನು ಕಳಿಸಿ. ಬರುವಾಗ ತಮ್ಮ ಮೆಚ್ಚಿನ ವೀರನ ಉಡುಪು ತೊಟ್ಟು ಬಂದರೆ ಸಂತೋಷ. ಕಲ್ಲುಗೈಯ ಎಡಗೈಗವಸಿಗೆ ಐದನೆಯ ಹೊಲಿಗೆ ಹಾಕಿದವರು ಯಾರು ಎಂಬ, ಈವರೆಗೆ ಯಾರೂ ಗಮನಿಸಿರದ ಗುಟ್ಟನ್ನು ಅವರಿಗೆ ಮಾತ್ರ ತಿಳಿಸಲಾಗುವುದು."

ದರ್ಜಿ ಜನರನ್ನು ತಳ್ಳಿಕೊಂಡು ಮುಂದೆ ಬಂದ.

"ಗಮನಿಸಿದ್ದೆ," ಎಂದ ದರ್ಜಿ. ದನಿ ಕೀರಲಾಗಿತ್ತು. "ನಾನು ಗಮನಿಸಿದ್ದೆ! ಅದು ತಾಯೀನೇ! ನಾನೂ ಹಳಬರ ಕಡೆಯವನೇ ಕಣ್ರಪ್ಪ!"

"ಈಗತಾನೆ ಅವಳನ್ನ ಸಾಯಿಸಿದವರು ಯಾರು?" ಎಂದಳು ಚಿಕ್ಕಮ್ಮ. "ನನ್ನ ಕೈಲೂ ಕೈ ಎತ್ತಿಸಿಬಿಟ್ಟೆಯಲ್ಲೋ, ಪಾಪಿ."

ಮೂವತ್ತೊಂದು ಜನರ ಕಣ್ಣು ಒಟ್ಟಿಗೆ ಡಿಗ್ರಿಯ ಕಡೆ ಹೊರಳಿತು.

ಸಂಜೆ ಬಿಸಿಲು ದರ್ಜಿ ಅಂಗಡಿಯ ಹೊಸಿಲು ದಾಟುವ ಹೊತ್ತಿಗೆ ಡಿಗ್ರಿ ಬಂದ. ಒಳಗೆ ಬರಲೋ ಬೇಡವೋ ಎಂದು ಬಾಗಿಲಲ್ಲೇ ಕಾಲು ಬದಲಿಸುತ್ತ ನಿಂತ.

"ಅಣ್ಣ, ನಾನು ಆಡಿದ್ದೆಲ್ಲ ನಿಮ್ಮ ಮಾತೇ. ನೀವು ತಡವಾಗಿ ಬಂದ್ರಿ, ಎಲ್ಲಿ ಬಿಟ್ಟುಹೋಗುತ್ತೋ ಅಂತ ನಾನೇ ಹೇಳ್ದೆ. ನೀವು ಆ ಕಡೆ ಹೋದಾಗ ನಂಗೂ ಬರೋಣ ಅನ್ನಿಸ್ತು. ಆದ್ರೆ ನೀವೇ ಕಲಿಸಿದ ಮಾತು, ಒಬ್ಬನಾದ್ರೂ ಹಿಡ್ಕೊಂಡಿರಬೇಕಲ್ಲ ಅಂತ ಕೈ ಇಳಿಸಲಿಲ್ಲ."

ಅವನು ಬೈದಿದ್ದರೆ ದರ್ಜಿ ತಿರುಗಿ ಬೈಯಬಹುದಿತ್ತು. ಹೀಗೆ ಅಂದವನನ್ನು ಏನು ಮಾಡುವುದು?

"ನಾಳೆ ಬೆಳಿಗ್ಗೆ ಹೊರಡಬೇಕಂತೆ. ಉಡುಪು..."

"ಇದೆ ಕಣಪ್ಪ," ಎಂದಳು ದರ್ಜಿಯ ಹೆಂಡತಿ. ಅವಳು ಆಗಲೇ ಟ್ರಂಕಿನಿಂದ ಕೆಂಪು ನಿಲುವಂಗಿ ತಂದಾಗಿತ್ತು. "ಇವರಿಗಂತೂ ಹಿಡಿಸೋಲ್ಲ. ಪೆಟ್ಟಿಗೇಲಿ ನುಸಿ ತಿನ್ನೋ ಬದಲು ನಾಲ್ಕು ಜನ ನೋಡ್ಲಿ."

ಡಿಗ್ರಿ ತೊಟ್ಟುಕೊಂಡ. ಕೊಂಡಿ ತಾನೇ ತಾನಾಗಿ ಕೂಡಿತು. ಭುಜಕ್ಕೆ ಭುಜ, ಬೆನ್ನಿಗೆ ಬೆನ್ನು. ಅವನನ್ನೇ ಮುಂದೆ ನಿಲ್ಲಿಸಿಕೊಂಡು ಕತ್ತರಿಸಿದ ಹಾಗಿತ್ತು. ಏಳು ವರ್ಷದಲ್ಲಿ ಒಂದು ದಿನವೂ ದರ್ಜಿಯ ಮೈಮೇಲೆ ಅದು ಅಷ್ಟು ಚೆನ್ನಾಗಿ ಇಳಿದಿರಲಿಲ್ಲ. ಹೊಲಿಗೆ ಮೆಚ್ಚಬೇಕೋ, ಮೈ ಶಪಿಸಬೇಕೋ ಅವನಿಗೆ ತಿಳಿಯಲಿಲ್ಲ.

"ಎಲ್ಲಾ ಸರಿ ಇದೆ ಅಣ್ಣ. ಆದ್ರೆ," ಎಂದು ಡಿಗ್ರಿ ಕೊರಳಪಟ್ಟಿ ಮಗುಚಿ ತೋರಿಸಿದ. "ಇಲ್ಲಿ ನಿಮ್ಮ ಹೆಸರಿದೆ. ಅಲ್ಲಿ ನೋಡಿದವರು ಎರವಲು ತಂದಿದ್ದಾನೆ ಅಂದ್ಕೊಳ್ಳಲ್ವಾ?"

ಗೋಂದಿನ ಬಕೆಟ್ಟು ಇಳಿಸುತ್ತಿದ್ದ ಬಾಮೈದ ಬಾಗಿಲಲ್ಲಿ ಹಲ್ಲು ಕಿರಿದ. "ಅದಕ್ಕೇನು ಯೋಚನೆ? ಬಿಚ್ಚಿ ಹೊಸದಾಗಿ ಹೊಲಿಬೇಕು ಅಂತ ಭಾವನೇ ಹೇಳಿದ್ದಾರಲ್ಲ!"

ದರ್ಜಿ ಕನ್ನಡಕ ಹಾಕಿಕೊಂಡು, ನಿಲುವಂಗಿಯನ್ನು ತೊಡೆಯ ಮೇಲೆ ಹರಡಿ, ಕತ್ತರಿಯ ಮೊನೆಯಿಂದ ತನ್ನ ಹೆಸರಿನ ಮೊದಲ ಅಕ್ಷರದ ದಾರ ಎಬ್ಬಿಸಿದ. ಗಟ್ಟಿ ಹೊಲಿಗೆ. ಬಿಚ್ಚಲು ಬಹಳ ಹೊತ್ತು ಹಿಡಿಯಿತು.