ಎರಡನೇ ಕಿಟಕಿಯ ಮಗುವಿಗೆ ಅಪರೂಪದ ಹೆಸರು ಆರಿಸುವ ಕುರಿತು

ಜನನ ನೋಂದಣಿ ಕಚೇರಿ
(ಮೆಟ್ಟಿಲು ಹತ್ತಿದ ಮೇಲೆ ಬಲಕ್ಕೆ. ಎಡಕ್ಕೆ ಹೋದವರು ಮರಣ ವಿಭಾಗದಲ್ಲಿ ಕ್ಷಮೆ ಕೇಳಿ ವಾಪಸ್ಸಾಗತಕ್ಕದ್ದು)

ಸಂಖ್ಯೆ: ನೋಂದಣಿ/ಕಿಟಕಿ-2/ಹೆಣ್ಣು/ಹೆಸರು/90
ದಿನಾಂಕ: ಮಗುವಿನ ತೊಂಬತ್ತನೇ ದಿನ, ಸಂಜೆ 5.00

ಸುತ್ತೋಲೆ

ವಿಷಯ: ಹೆಣ್ಣು ಮಗುವಿಗೆ ಅಪರೂಪದ, ಕೇಳಲು ಇಂಪಾದ ಹೆಸರನ್ನು ಆರಿಸುವಾಗ ಸಿಬ್ಬಂದಿ, ಸಾರ್ವಜನಿಕರು ಹಾಗೂ ಅತ್ತೆಯಂದಿರು ಪಾಲಿಸಬೇಕಾದ ಕ್ರಮಗಳು.

ಉಲ್ಲೇಖ:
1) ಎರಡನೇ ಕಿಟಕಿಯ ಗುಮಾಸ್ತೆಯವರ ಅತ್ತೆಯವರು ಸಲ್ಲಿಸಿದ ಅರವತ್ನಾಲ್ಕು ಹೆಸರುಗಳ ಪಟ್ಟಿ.
2) ಸದರಿ ಅತ್ತೆಯವರ ಮೌಖಿಕ ಜ್ಞಾಪನಗಳು, ದಿನಕ್ಕೆರಡರಂತೆ.
3) ಮೆಟ್ಟಿಲ ಬುಡದಲ್ಲಿ ಕೂಗಾಟ ನಡೆಯುತ್ತಿರುವ ಬಗ್ಗೆ ಮೇಲ್ಮಹಡಿಯ ತೆರಿಗೆ ಕಚೇರಿಯವರ ದೂರು.

ಪ್ರಸ್ತಾವನೆ:

ಈ ಕಚೇರಿಯಲ್ಲಿ ಮಗುವಿನ ಹೆಸರನ್ನು ದಪ್ಪ ಪುಸ್ತಕಕ್ಕೆ ಬರೆಯುವ ಮುನ್ನ, ಕಿಟಕಿಯಲ್ಲಿ ಕೂತವರು ಅದನ್ನು ಮೂರು ಬಾರಿ ಗಟ್ಟಿಯಾಗಿ ಓದಿ, ಹೆತ್ತವರಿಂದ ಮೂರು ಬಾರಿ ‘ಹೌದು’ ಅನ್ನಿಸಿಕೊಳ್ಳುವ ಪದ್ಧತಿ ಮೊದಲಿನಿಂದಲೂ ಜಾರಿಯಲ್ಲಿರುತ್ತದೆ. ತಪ್ಪಾಗಬಾರದೆಂಬುದೇ ಇದರ ಉದ್ದೇಶ. ಆದರೆ ಸಾಲಿನಲ್ಲಿ ನಿಂತವರಿಗೂ ಕಿವಿಗಳಿರುವುದು ಪದ್ಧತಿ ಮಾಡಿದವರ ಗಮನಕ್ಕೆ ಬಂದಂತಿಲ್ಲ. ಕಳೆದ ವರ್ಷ ಒಬ್ಬ ಮೇಷ್ಟ್ರು ದಂಪತಿ ಒಂಬತ್ತು ತಿಂಗಳು ತಲೆ ಕೆಡಿಸಿಕೊಂಡು, ಜಗತ್ತಿನಲ್ಲೇ ಯಾರಿಗೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ತಂದ ಹೆಸರನ್ನು ಬೆಳಿಗ್ಗೆ ಹತ್ತೂ ಕಾಲಿಗೆ ಓದಲಾಯಿತು. ಊಟದ ಹೊತ್ತಿಗೆ ಆ ಹೆಸರಿನವರು ನಾಲ್ವರಾಗಿದ್ದರು. ಆ ಶನಿವಾರ ಹನ್ನೊಂದನೆಯ ಮಗುವಿಗೂ ಅದೇ ಹೆಸರಿಟ್ಟಾಗ ಮೇಷ್ಟ್ರು ಬಂದು ಬೆಂಚಿನ ಮೇಲೆ ಅರ್ಧ ಗಂಟೆ ಕೂತು ಹೋದರು.

ಈ ಎಲ್ಲವನ್ನೂ ಹನ್ನೊಂದು ವರ್ಷಗಳಿಂದ ಓದಿ, ಬರೆದು, ಮಸಿ ಒಣಗಿಸಿಟ್ಟವರು ಎರಡನೇ ಕಿಟಕಿಯ ಗುಮಾಸ್ತೆಯವರು. ಈಗ ಅವರಿಗೇ ಹೆಣ್ಣು ಮಗುವಾಗಿ, ರಜೆ ಮುಗಿದು, ಮಗುವು ಅವರ ಮೇಜಿನ ಕೆಳಗೆ ಬುಟ್ಟಿಯಲ್ಲಿ ಹಾಜರಿರುತ್ತದೆ. ತೊಂಬತ್ತನೇ ದಿನ ಸಂಜೆ ನಾಲ್ಕೂವರೆಯೊಳಗೆ ಹೆಸರು ಬರೆಸದಿದ್ದಲ್ಲಿ ಆ ಕಾಲಂನಲ್ಲಿ ‘ಹೆಸರಿಲ್ಲ’ ಎಂದು ಮುದ್ರೆ ಬೀಳುತ್ತದೆ. ಅದನ್ನು ಅಳಿಸುವ ರಬ್ಬರು ಈ ಕಚೇರಿಗೆ ಸರಬರಾಜಾಗಿಲ್ಲ. ಈ ಹಿನ್ನೆಲೆಯಲ್ಲಿ ಕೆಳಕಂಡಂತೆ ಈ ಮೂಲಕ ಸೂಚಿಸಲಾಗಿದೆ:

1. ಇನ್ನು ಮುಂದೆ ಹೆಸರನ್ನು ಗಟ್ಟಿಯಾಗಿ ಓದದೆ, ಮೂಗು ಕಿಟಕಿಯ ಗಾಜಿಗೆ ಎರಡು ಬೆರಳಿನಷ್ಟು ದೂರವಿರುವಂತೆ ಬಗ್ಗಿ, ಪಿಸುದನಿಯಲ್ಲಿ ಓದತಕ್ಕದ್ದು. ಆ ವೇಳೆ ಸಾಲಿನಲ್ಲಿರುವವರು ತಮ್ಮ ತಮ್ಮಲ್ಲಿ ಮಂಡಿನೋವಿನ ಬಗ್ಗೆ ಮಾತಾಡಿಕೊಳ್ಳತಕ್ಕದ್ದು. ಮಂಡಿನೋವು ಇಲ್ಲದವರು ಇರುವವರಿಗೆ ಹೂಂಗುಟ್ಟಬಹುದು.

2. ಹೆಸರು ಇಂಪಾಗಿದೆಯೇ ಎಂಬುದನ್ನು ಕಾಗದದ ಮೇಲೆ ನೋಡಿ ತೀರ್ಮಾನಿಸತಕ್ಕದ್ದಲ್ಲ. ಕಚೇರಿಯ ಹಿರಿಯ ಜವಾನರಾದ ಕಹಳೆ ಮಾಮ ಇವರು ಮೆಟ್ಟಿಲ ಬುಡದಲ್ಲಿ ನಿಂತು, ಆಟಕ್ಕೆ ಹೋದ ಮಗುವನ್ನು ಊಟಕ್ಕೆ ಕರೆಯುವ ರೀತಿಯಲ್ಲಿ ಅದನ್ನು ಕೂಗತಕ್ಕದ್ದು. ಅವರ ಗಂಟಲಲ್ಲೂ ಇಂಪು ಉಳಿದ ಹೆಸರು ಎಲ್ಲಿ ಬೇಕಾದರೂ ಉಳಿಯುತ್ತದೆಂದು ಪರಿಗಣಿಸಲಾಗುವುದು.

3. ಸದರಿ ಕೂಗು ಹನ್ನೊಂದರಿಂದ ಹನ್ನೊಂದೂ ಕಾಲರವರೆಗೆ ಮಾತ್ರ. ಕಳೆದ ಮಂಗಳವಾರ ವೇಳೆ ಮೀರಿ ಕೂಗಿದ ಹೆಸರೊಂದಕ್ಕೆ ತೆರಿಗೆ ಕಚೇರಿಯ ಅಧಿಕಾರಿಣಿಯೊಬ್ಬರು ಓಗೊಟ್ಟು ಕೆಳಗಿಳಿದು ಬಂದು, ತಮ್ಮನ್ನು ಊಟಕ್ಕೆ ಕರೆದವರು ಯಾರೆಂದು ವಿಚಾರಿಸಿರುತ್ತಾರೆ.

4. ಪ್ರೀತಿಯಿಂದ ಕರೆದಾಗ ಎಲ್ಲ ಹೆಸರೂ ಇಂಪೇ. ಆದ್ದರಿಂದ ಪ್ರತಿ ಹೆಸರನ್ನೂ ಸಿಟ್ಟಿನಲ್ಲಿಯೂ ಪರೀಕ್ಷಿಸತಕ್ಕದ್ದು. ಹೆಸರು ಹೇಳಿ ಮುಗಿಯುವಷ್ಟರಲ್ಲಿ ಸಿಟ್ಟು ಇಳಿದುಹೋಗುವಷ್ಟು ಉದ್ದದ ಹೆಸರುಗಳು ಮಗುವಿಗೆ ಅನುಕೂಲಕರವಾಗಿದ್ದರೂ ಶಿಸ್ತಿಗೆ ಮಾರಕವಾದ್ದರಿಂದ ತಿರಸ್ಕರಿಸಲಾಗಿದೆ.

5. ಅತ್ತೆಯವರ ಪಟ್ಟಿಯನ್ನು ಪೂರ್ಣವಾಗಿ ಕೂಗಿಸಲಾಗಿದೆ. ಅರವತ್ನಾಲ್ಕರ ಪೈಕಿ ನಲವತ್ತು ಅವರ ತವರಿನ ಕಡೆಯವಾಗಿದ್ದು, ಇಪ್ಪತ್ಮೂರು ಅವರ ಗೆಳತಿಯರವು. ಉಳಿದ ಒಂದು ಅವರದೇ. ಪಟ್ಟಿಯ ಬೆನ್ನಿಗೆ ಅಂಗಡಿ ಸಾಮಾನಿನ ಚೀಟಿಯಿದ್ದ ಕಾರಣ ಸಾಬೂನು, ಉಪ್ಪು, ಬೆಂಕಿಪೊಟ್ಟಣ ಎಂಬಿವನ್ನೂ ಕಹಳೆ ಮಾಮ ಕೂಗಿಬಿಟ್ಟಿರುತ್ತಾರೆ. ಎರಡನೆಯದು ಪಟ್ಟಿಯ ಎಷ್ಟೋ ಹೆಸರುಗಳಿಗಿಂತ ಇಂಪಾಗಿತ್ತೆಂದು ದಾಖಲಿಸಿಕೊಳ್ಳಲಾಗಿದೆ. ಮಗುವಿನ ತಂದೆ, ಬಸ್ಸಿನ ಚಾಲಕರು, ಅಮ್ಮ ಹೇಳಿದ್ದಕ್ಕೂ ಹೂಂ, ಹೆಂಡತಿ ಹೇಳಿದ್ದಕ್ಕೂ ಹೂಂ ಎಂದು ಅಭಿಪ್ರಾಯ ಸಲ್ಲಿಸಿರುವುದರಿಂದ ಅವರ ಅಭಿಪ್ರಾಯವನ್ನು ಬಸ್ಸಿನಲ್ಲಿಯೇ ಇಟ್ಟುಕೊಳ್ಳುವಂತೆ ತಿಳಿಸಲಾಗಿದೆ.

6. ಗುಮಾಸ್ತೆಯವರ ತೊಡಕು ಬೇರೆ. ಯಾವ ಹೆಸರನ್ನು ಹೇಳಿದರೂ ಅವರಿಗೆ ಮೊದಲು ನೆನಪಾಗುವುದು ಪುಟ. ನೂರಾ ಹನ್ನೆರಡನೇ ಪುಟ, ಅಪ್ಪ ಬಡಗಿ, ಸಹಿ ಸೊಟ್ಟ. ಮುನ್ನೂರಾ ನಾಲ್ಕು, ಅವಳಿ, ಅಮ್ಮ ದರ್ಜಿ, ಅಂದು ಮಸಿ ಚೆಲ್ಲಿತ್ತು. ಹೀಗೆ ಎಲ್ಲರ ಮಕ್ಕಳ ಹೆಸರನ್ನೂ ಬರೆದ ಕೈಗೆ ತನ್ನ ಮಗುವಿಗೆಂದು ಹೊಸತೊಂದು ಉಳಿದಿಲ್ಲವೆಂದು ಅವರು ನಗುತ್ತಲೇ ಹೇಳುತ್ತಿದ್ದು, ಎಂಬತ್ತನೇ ದಿನದ ನಂತರ ನಗದೆ ಹೇಳಿರುತ್ತಾರೆ.

7. ಒಂದು ಉಳಿದಿತ್ತು ಎಂಬುದನ್ನು ಕಚೇರಿಯು ತಡವಾಗಿ, ಅಂದರೆ ಈ ದಿನ ಬೆಳಿಗ್ಗೆ, ತಿಳಿದುಕೊಂಡಿದೆ. ಹನ್ನೊಂದು ವರ್ಷದಲ್ಲಿ ಯಾವ ಪುಟಕ್ಕೂ ಬಾರದ ಒಂದು ಹೆಸರನ್ನು ಅವರು ಗಂಡನಿಗೂ ಹೇಳದೆ, ಯಾರ ಮುಂದೂ ಬಾಯಿ ಬಿಡದೆ, ಮನಸ್ಸಿನಲ್ಲೇ ಜೋಪಾನ ಮಾಡಿಟ್ಟಿದ್ದರು. ಹೆರಿಗೆಗೆ ಒಂದು ತಿಂಗಳಿದೆ ಎನ್ನುವಾಗ, ಸಂಜೆ ನಾಲ್ಕೂ ಇಪ್ಪತ್ತೈದಕ್ಕೆ, ಮೈತುಂಬ ಹಿಟ್ಟು ಮೆತ್ತಿಕೊಂಡಿದ್ದ ಬೇಕರಿಯವನೊಬ್ಬ ಓಡಿ ಬಂದ. ಅವನ ಮಗಳಿಗೆ ಅಂದು ತೊಂಬತ್ತನೇ ದಿನ. ಹೆಂಡತಿ ಆಸ್ಪತ್ರೆಯಲ್ಲಿದ್ದಳು. ಮೂರು ತಿಂಗಳು ಆಸ್ಪತ್ರೆಗೂ ಒಲೆಗೂ ಓಡಾಡಿದವನಿಗೆ ಹೆಸರು ಯೋಚಿಸಲು ಬಿಡುವೇ ಸಿಕ್ಕಿರಲಿಲ್ಲ. ‘ಹೆಸರಿಲ್ಲ’ ಮುದ್ರೆಯನ್ನು ನೋಡಿ ಅವನ ಕಣ್ಣು ತುಂಬಿತು. ಗುಮಾಸ್ತೆಯವರು ಚೀಟಿಯೊಂದರಲ್ಲಿ ಒಂದು ಹೆಸರು ಬರೆದು, ಮೂರು ಬಾರಿ ಓದಿದರು. ಅವನು ಮೂರು ಬಾರಿ ‘ಹೌದು’ ಅಂದು ಮೂಗು ಒರೆಸಿಕೊಂಡು ಹೋದ. ಸಾಲಿನಲ್ಲಿ ಬೇರೆ ಯಾರೂ ಇರಲಿಲ್ಲ. ಬರೆದದ್ದು ಅದೇ ಹೆಸರು.

8. ಇದನ್ನು ಕಚೇರಿಗೆ ತಿಳಿಸಿದವರು ಕಹಳೆ ಮಾಮ. ಅವರಿಗೆ ಗುಮಾಸ್ತೆಯವರೇ ನಿನ್ನೆ ಬೇಸರದಲ್ಲಿ ಬಾಯಿಬಿಟ್ಟಿದ್ದು, ಯಾರಿಗೂ ಹೇಳಬೇಡಿ ಅಂದಿದ್ದರು. ಮಾಮನವರಿಗೆ ಗುಟ್ಟು ಹೇಳುವುದನ್ನು ಈ ಸುತ್ತೋಲೆಯ ಮೂಲಕ ನಿಷೇಧಿಸಲಾಗಿದೆ. ಅವರು ಬೆಳಿಗ್ಗೆ ಬ್ರೆಡ್ಡು ಕೊಳ್ಳಲು ಹೋದಾಗ ಬೇಕರಿಯವನಿಗೂ ಅದನ್ನು ಹೇಳಿ ಬಂದಿರುತ್ತಾರೆ.

9. ತತ್ಪರಿಣಾಮವಾಗಿ ಈ ದಿನ ಮೂರೂವರೆಗೆ ಬೇಕರಿಯವನು ಏಳು ತಿಂಗಳ ಮಗಳನ್ನೆತ್ತಿಕೊಂಡು ಎರಡನೇ ಕಿಟಕಿಗೆ ಹಾಜರಾಗಿ, ಕೆಳಕಂಡ ಹೇಳಿಕೆ ನೀಡಿರುತ್ತಾನೆ:

“ಅಕ್ಕಾ, ಇದು ನಿಮ್ದಂತೆ. ನಂಗೆ ಗೊತ್ತಿರಲಿಲ್ಲ. ವಾಪಸ್ ತಗೊಳ್ಳಿ, ನಮ್ಮೋಳಿಗೆ ಇನ್ನೇನಾದ್ರೂ ಹುಡುಕ್ತೀವಿ.”

ಹೆಸರು ವಾಪಸ್ ಪಡೆಯುವ ನಮೂನೆ ಇಲ್ಲವೆಂದು ಅಧೀಕ್ಷಕರು ನಿಯಮ ಪುಸ್ತಕ ತೆಗೆಯುವಷ್ಟರಲ್ಲಿ ಅವನ ಮಗುವು ಮೇಜಿನ ಮೇಲೆ ಕೂತು ಕಚೇರಿ ಮುದ್ರೆಯನ್ನು ಕಚ್ಚುತ್ತಿತ್ತು. ಗುಮಾಸ್ತೆಯವರು ಬೇಕರಿಯವನಿಗೆ ಒಂದೇ ಮಾತು ಹೇಳಿದರು: “ಒಂದ್ಸಲ ಕರೀರಿ ನೋಡೋಣ.” ಅವನು ಕರೆದನು, ಮೆಲ್ಲಗೆ, ಮನೆಯಲ್ಲಿ ಕರೆಯುವ ಹಾಗೆ. ಮಗುವು ಮುದ್ರೆ ಬಿಟ್ಟು, ಅಪ್ಪನ ಕಡೆ ತಿರುಗಿ, ಮಸಿ ಹತ್ತಿದ ಬಾಯಿಯಲ್ಲಿ ನಕ್ಕಿತು.

ಆ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಗುಮಾಸ್ತೆಯವರು ಕೇಳಿದ್ದು ಅದೇ ಮೊದಲು. ಅವರಿಗೆ ಪುಟದ ಸಂಖ್ಯೆ ನೆನಪಾಗಲಿಲ್ಲ. “ಅದು ಅವಳದಾಗಿಬಿಟ್ಟಿದೆ, ಕೊಟ್ರೂ ಬೇಡ,” ಅಂದರು. ಹಾಗೆಯೇ, “ಇವಳದೂ ಆಗ್ಲಿ,” ಅಂದು ಬುಟ್ಟಿಗೆ ಕೈ ಹಾಕಿದರು.

10. ಹೆತ್ತವರೂ ಕಿಟಕಿಯವರೂ ಒಬ್ಬರೇ ಆಗುವಂತಿಲ್ಲದ ಕಾರಣ, ಗುಮಾಸ್ತೆಯವರು ಮಗುವನ್ನೆತ್ತಿಕೊಂಡು ಹೊರಗೆ ಹೋಗಿ ಹದಿನೆಂಟನೆಯವರಾಗಿ ಸಾಲಿನಲ್ಲಿ ನಿಂತರು. ಮುಂದಿದ್ದ ಹದಿನೇಳು ಮಂದಿ ಒಬ್ಬೊಬ್ಬರಾಗಿ ಪಕ್ಕಕ್ಕೆ ಸರಿದರು. ಅಧೀಕ್ಷಕರು ಅವರ ಕುರ್ಚಿಯಲ್ಲಿ ಕೂತು, ನಾಲ್ಕೂ ಇಪ್ಪತ್ತೆಂಟಕ್ಕೆ ಹೆಸರನ್ನು ಓದಿರುತ್ತಾರೆ. ಆಗಲೇ ಬಾಯಿಮಾತಿನಲ್ಲಿ ಜಾರಿಯಾಗಿದ್ದ ಷರತ್ತು 1ರಂತೆ ಪಿಸುದನಿಯಲ್ಲಿ ಓದಬೇಕಿದ್ದು, ಅದು ಅವರಿಂದಾಗಲಿಲ್ಲ. ಮೂರನೆಯ ಬಾರಿ ದನಿ ಹೊರಗಿನ ಬೀದಿಗೂ ಹೋಗಿರಬಹುದು. ಸಂತೋಷದಲ್ಲಿ ಪಿಸುಗುಟ್ಟಲು ಬರುವುದಿಲ್ಲವಾದ್ದರಿಂದ ಈ ಲೋಪವನ್ನು ಮನ್ನಿಸಲಾಗಿದೆ. ಗುಮಾಸ್ತೆಯವರು ‘ಹೌದು’ ಎಂದದ್ದು ನಾಲ್ಕು ಬಾರಿ. ಹೆಚ್ಚುವರಿ ಒಂದನ್ನು ಬೇಕರಿಯವನ ಮಗಳ ಲೆಕ್ಕಕ್ಕೆ ಹಾಕಲಾಗಿದೆ.

11. ‘ಅಪರೂಪ’ ಎಂದರೆ ಒಬ್ಬರಿಗೇ ಇರತಕ್ಕದ್ದು ಎಂಬ ಈವರೆಗಿನ ಅರ್ಥವನ್ನು ಈ ಮೂಲಕ ಹಿಂಪಡೆಯಲಾಗಿದೆ. ಕರೆದಾಗ ಯಾರು ತಿರುಗಿ ನಗುತ್ತಾರೋ ಅವರಿಗೆ ಅದು ಅಪರೂಪದ್ದೇ. ಇಬ್ಬರು ನಕ್ಕರೆ ಇಬ್ಬರಿಗೂ.

12. ಸದರಿ ಹೆಸರನ್ನು ಈ ಸುತ್ತೋಲೆಯಲ್ಲಿ ನಮೂದಿಸಿಲ್ಲ. ಕಾರಣ ಮೇಷ್ಟ್ರಿಗೆ ಗೊತ್ತು.

(ಸಹಿ/-)
ಅಧೀಕ್ಷಕರು
(ಎರಡನೇ ಕಿಟಕಿಯ ಪ್ರಭಾರ, ಎರಡು ನಿಮಿಷ ಮಾತ್ರ)

ಪ್ರತಿಗಳು:
1. ಅತ್ತೆಯವರಿಗೆ, ಪಟ್ಟಿಯ ಸಮೇತ. ಸಾಬೂನು, ಉಪ್ಪು ಮತ್ತು ಬೆಂಕಿಪೊಟ್ಟಣ ಇನ್ನೂ ತಂದಿಲ್ಲವೆಂದು ನೆನಪಿಸುತ್ತಾ.
2. ತೆರಿಗೆ ಕಚೇರಿಯ ಅಧಿಕಾರಿಣಿಯವರಿಗೆ, ಊಟಕ್ಕೆ ಕರೆದಿದ್ದು ತಮ್ಮನ್ನಲ್ಲವೆಂಬ ವಿಷಾದದೊಂದಿಗೆ.
3. ಕಹಳೆ ಮಾಮ ಇವರಿಗೆ, ಮನಸ್ಸಿನಲ್ಲೇ ಓದಿಕೊಳ್ಳಲು.
4. ಬೇಕರಿಯವನ ಮಗಳಿಗೆ ಮತ್ತು ಬುಟ್ಟಿಯಲ್ಲಿರುವವರಿಗೆ, ಒಂದೇ ಲಕೋಟೆಯಲ್ಲಿ, ಓದಲು ಬಂದ ನಂತರ.
5. ಹೆಸರು ಓದುವಾಗ ಕಹಳೆ ಮಾಮನ ಸನ್ನೆಯಂತೆ ಎರಡೂ ಕಿವಿ ಮುಚ್ಚಿಕೊಂಡು ಗೋಡೆಗೆ ಮುಖ ಮಾಡಿ ನಿಂತ ಹದಿನೇಳು ಮಂದಿಗೆ, ಕೈ ತೆಗೆಯಬಹುದೆಂದು ತಿಳಿಸಲು.